ಅಜ್ಜಿಯನ್ನು ಪ್ರವಾದಿ ಮಾಡಲು ಹೋದದ್ದು

ನನ್ನ ಅವ್ವ ಪ್ರಸಂಗದ ಹೊತ್ತಿಗೆ ನಿದ್ದೆ ಮಾಡುವವಳು. ರಾಯಚೂರಿನ ನಮ್ಮ ಚರ್ಚಿನಲ್ಲಿ ಮೂರನೆಯ ಸಾಲಿನ ಗೋಡೆ ಬದಿಯ ಜಾಗ ಅವಳದು, ಒರಗಲು ಅನುಕೂಲ. ಹೋದ ಸಲ ಕ್ರಿಸ್‌ಮಸ್ಸಿಗೆ ಎರಡು ವಾರವಿದ್ದಾಗ ಮಾತ್ರ ನಡುವೆ ಧಡಕ್ಕನೆ ಎದ್ದು ಕೂತಳು. ಯೇಸುಸ್ವಾಮಿ ಹುಟ್ಟುವ ಮುಂಚೆ ರೋಮ್ ಕಡೆ ಸಿಬಿಲ್ ಅನ್ನುವ ಹೆಂಗಸರಿದ್ದರು, ಬೇರೆ ದೇವರುಗಳ ಪೂಜೆ ಮಾಡುತ್ತ ಭವಿಷ್ಯ ನುಡಿಯುವವರು, ಅವರೂ ಒಂದು ದಿವ್ಯ ಶಿಶು ಬರುತ್ತದೆ ಎಂದು ನುಡಿದಿದ್ದರಂತೆ ಎಂದು ಫಾದರ್ ಹೇಳುತ್ತಿದ್ದರು. ಹಳೆಯ ಕಾಲದ ಕ್ರೈಸ್ತರು ಅವರ ಚಿತ್ರಗಳನ್ನು ಚರ್ಚಿನೊಳಗೆ, ಪ್ರವಾದಿಗಳ ಪಕ್ಕದಲ್ಲೇ ಬರೆಸಿದ್ದಾರಂತೆ.

ಅವ್ವ ನನ್ನ ಪಕ್ಕೆಗೆ ತಿವಿದಳು. "ಕೇಳಿದೇನಬೇ? ಕಣಿ ಹೇಳೋರನ್ನ ಚರ್ಚಿನ್ಯಾಗ ಕುಂದ್ರಿಸ್ಯಾರ!"

ಅವಳ ಸಡಗರದ ಕಾರಣ ನನಗೆ ಗೊತ್ತಿತ್ತು. ಅವ್ವನ ಅವ್ವ, ಅಂದರೆ ನನ್ನ ಅಜ್ಜಿ, ಕಣಿ ಹೇಳುವವಳು. ನೀರಮಾನ್ವಿ ಯಲ್ಲಮ್ಮನ ಭಂಡಾರ ಹಣೆಗೆ ಬಳಿದು, ಬುಟ್ಟಿ ಕಂಕುಳಲ್ಲಿಟ್ಟು, ಮಾನ್ವಿಯಿಂದ ದೇವದುರ್ಗದವರೆಗೆ ಮನೆಮನೆ ತಿರುಗಿದವಳು. ಅವ್ವ ಮದುವೆಯಾಗಿ ಕಥೋಲಿಕಳಾದಳು. ಅಜ್ಜಿ ಯಲ್ಲಮ್ಮನ ಕಡೆಯೇ ಉಳಿದು, ನಾನು ಹುಟ್ಟುವ ಮುಂಚೆಯೇ ತೀರಿಕೊಂಡಳು. ಕಣಿ ಹೇಳುವುದು ಸೈತಾನನ ಕೆಲಸ, ಸತ್ತ ಮೇಲೆ ಅಂಥವರ ಹೆಸರಲ್ಲಿ ಚರ್ಚಿನ ಪೂಜೆ ಇಲ್ಲ ಎಂದು ಆಗಿನ ಉಪದೇಶಿಯೊಬ್ಬ ಅವ್ವನ ತಲೆಯಲ್ಲಿ ತುಂಬಿದ್ದ. ಆ ಪುಣ್ಯಾತ್ಮ ತನ್ನ ಹುಂಜ ಕಳೆದಾಗ ಅಜ್ಜಿಯ ಹತ್ತಿರವೇ ಕಣಿ ಕೇಳಿದ್ದನಂತೆ. ಅವನ ಮಾತು ನಂಬಿ ಅವ್ವ ನಲವತ್ತೈದು ವರ್ಷ, ತನ್ನ ತಾಯಿ ಬೆಂಕಿಯಲ್ಲಿ ಬೇಯುತ್ತಿದ್ದಾಳೆ ಎಂದುಕೊಂಡೇ ಅನ್ನ ಉಂಡಿದ್ದಾಳೆ. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಮರುದಿನ ಬೆಳಿಗ್ಗೆಯೇ ಅವ್ವ ಇಸ್ತ್ರಿ ಸೀರೆ ಉಟ್ಟು ಫಾದರ್ ಮನೆಗೆ ಹೊರಟಳು. ಸಾಕ್ಷಿಗೆ ನಾನು. ಫಾದರ್ ಮಾನ್ವಿ ಕಡೆಯವರು, ಚಹಾ ಕುಡಿಯುತ್ತಿದ್ದರು.

"ಫಾದರ್, ನಮ್ಮವ್ವನೂ ಸ್ವಾಮಿ ಬಗ್ಗೆ ಕಣಿ ಹೇಳಿದ್ದಳ್ರೀ."

"ಹೌದ? ಏನಂದಿದ್ರು?"

ಅವ್ವ ಕಣ್ಣು ಮುಚ್ಚಿದಳು. "ದನದ ಕೊಟ್ಟಿಗ್ಯಾಗ ಕೂಸು ಹುಟ್ಟತದ, ಮ್ಯಾಲ ಚುಕ್ಕಿ ಮೂಡತದ, ಮೂರು ಮಂದಿ ಒಂಟಿ ಮ್ಯಾಲ ಬರತಾರ, ಬಂಗಾರ ತರತಾರ, ಧೂಪ ತರತಾರ, ರಕ್ತಬೋಳ ತರತಾರ..."

"ರಕ್ತಬೋಳ ಅಂದ್ರ ಏನ್ರೀ ಯವ್ವಾ?"

ಅವ್ವ ಕಣ್ಣು ತೆರೆದು ನನ್ನನ್ನು ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ವರ್ಷವರ್ಷವೂ ಕ್ರಿಸ್‌ಮಸ್ಸಿಗೆ ಚರ್ಚಿನಲ್ಲಿ ಕೇಳಿದ ಮಾತು. ಅದೇನೆಂದು ನಮ್ಮ ಮನೆಯಲ್ಲಿ ಯಾರೂ ವಿಚಾರಿಸಿದವರಲ್ಲ.

"ಹೋಗ್ಲಿ, ಯಾವಾಗ ಹೇಳಿದ್ರು ಇದನ್ನ?"

"ನಾ ಸಣ್ಣಾಕಿ ಇದ್ದಾಗ್ರೀ."

"ಆಗ ಸ್ವಾಮಿ ಹುಟ್ಟಿ ಎರಡು ಸಾವಿರ ವರ್ಷ ಆಗಾಕ ಬಂದಿತ್ತಲ್ರೀ!"

"ನಮ್ಮವ್ವಗ ಯಾರು ಹೇಳಬೇಕ್ರೀ, ಪಾಪ? ಆಕಿಗಿನ್ನೂ ಸುದ್ದಿ ಮುಟ್ಟಿರಲಿಲ್ಲ."

ಫಾದರ್ ನಕ್ಕ ರಭಸಕ್ಕೆ ಚಹಾ ಮೇಜಿನ ಮೇಲೆ ಚೆಲ್ಲಿತು. "ನೀವೊಬ್ಬರ ಅಲ್ಲ ಬಿಡ್ರಿ. ಆ ಸಿಬಿಲ್‌ಗಳ ಹೆಸರಿನ್ಯಾಗೂ ಭಾಳಷ್ಟು ಆಮ್ಯಾಲ ನಮ್ಮವರ ಬರದು ಸೇರಿಸಿದ್ದು. ಬ್ಯಾರೆ ಮಂದಿ ಬಾಯಾಗೂ ದೇವರು ಖರೇ ಮಾತು ನುಡಸಬಹುದು ಅಂತ ನಮ್ಮ ಧರ್ಮಸಭಿ ಒಪ್ಪತದ. ಆದ್ರ ಅಂಥ ಮಾತು ನಂಬಲೇಬೇಕಂತ ಯಾರಿಗೂ ಕಟ್ಟು ಹಾಕಿಲ್ಲ. ಈಗ ನಿಮಗೇನು ಬೇಕು ಹೇಳ್ರಿ."

"ಆಕಿ ಹೆಸರಿಲೆ ಒಂದು ಪೂಜಿ."

"ಅದಕ್ಕ ಅವರು ಪ್ರವಾದಿ ಯಾಕ ಆಗಬೇಕ್ರೀ? ದೀಕ್ಷಾಸ್ನಾನ ಆಗಿಲ್ಲಂದ್ರೂ ಪ್ರಾರ್ಥನಾ ಮಾಡಬಹುದು. ನಿಮ್ಮವ್ವ ಅದಾರ, ತೀರಿಹೋಗ್ಯಾರ. ಅಷ್ಟು ಸಾಕು."

ಅವ್ವನಿಗೆ ಸಿಟ್ಟು ನೆತ್ತಿಗೇರಿತು. "ಮೊದಲ ಹೇಳಬಾರದೇನ್ರೀ? ಶಿಲುಬಿ ಮುಂದ ಕುಂತು ಇಷ್ಟುದ್ದ ಸುಳ್ಳು ಹೇಳಿದೆ!"

ಫಾದರ್ ಮೇಜು ಒರೆಸುತ್ತ ಕೇಳಿದರು. "ಖರೇನ ಏನು ಹೇಳತಿದ್ರು ಅವರು?"

"ಬಸರಿ ಹೆಂಗಸರಿಗೆಲ್ಲಾ ಒಂದ ಮಾತ್ರೀ. ಗಂಡು ಹುಟ್ಟತಾನ, ಮನಿ ಬೆಳಗತಾನ."

ಅಜ್ಜಿ ಬುಟ್ಟಿ ಹೊತ್ತು ಬೆತ್ಲೆಹೇಮಿನ ಆ ಕೊಟ್ಟಿಗೆಯ ಮುಂದೆ ಹಾದಿದ್ದರೆ ಅವಳ ಚಿತ್ರವೂ ರೋಮಿನ ಚರ್ಚಿನೊಳಗಿರುತ್ತಿತ್ತು ಎಂದು ನಾನು ನಕ್ಕೆ. ಅವ್ವ ನಗಲಿಲ್ಲ.

"ನನಗೊಬ್ಬಾಕಿಗೆ ಹಂಗ ಹೇಳಲಿಲ್ಲ. ಮೂರು ಹೆಣ್ಣಾಗಿದ್ವು, ನಾಕನೇದು ಹೊಟ್ಯಾಗಿತ್ತು. ಇದೂ ಹೆಣ್ಣ, ಕಡೀತನಕ ನಿನ್ನ ಕೈ ಹಿಡಿಯೋದು ಇದ ಅಂದಳು. ನಾ ಆಕಿ ಬುಟ್ಟಿ ಅಂಗಳಕ್ಕ ಒಗದು, ಇನ್ನ ನನ್ನ ಹೊಸ್ತಿಲ ತುಳೀಬ್ಯಾಡ ಅಂದೆ. ತುಳೀಲಿಲ್ರೀ. ಆಮ್ಯಾಲ ಸತ್ತ ಸುದ್ದೀನ ಬಂತು."

ನಾಲ್ಕನೆಯವಳು ನಾನು. ಅಕ್ಕಂದಿರು ಗಂಡಂದಿರ ಮನೆಗಳಲ್ಲಿದ್ದಾರೆ, ಮದುವೆಯಾಗದ ನಾನು ಅವ್ವನ ಜೊತೆ. ಈ ಮಾತನ್ನು ನಾನು ಕೇಳಿದ್ದು ಅವತ್ತೇ ಮೊದಲು. ಅವ್ವನ ಮೇಲೆ ಸಿಟ್ಟು ಬಂತು, ಅಜ್ಜಿಯನ್ನು ಒಮ್ಮೆ ನೋಡಬೇಕಿತ್ತು ಎಂದೂ ಅನಿಸಿತು. ಫಾದರ್ ಪುಸ್ತಕ ತೆಗೆದು ಅಜ್ಜಿಯ ಹೆಸರು ಕೇಳಿ ಬರೆದುಕೊಂಡರು. ಶುಕ್ರವಾರ ಬೆಳಗಿನ ಪೂಜೆ.

ಹೊರಗೆ ಮೆಟ್ಟಿಲ ಹತ್ತಿರ ಅವ್ವ ಎಂದಿನಂತೆ ನನ್ನ ಕಡೆ ನೋಡದೆಯೇ ಕೈ ಚಾಚಿದಳು. ಹಿಡಿದೆ.

"ಗಟ್ಟಿ ಹಿಡಕೋಬೇ," ಎಂದು ಬೈದಳು, "ಬೀಳಸ್ತಿ."