ಕಣಿಕೆ ಬಣವೆಯಲ್ಲಿ ಸಿಕ್ಕ ಗಾಲಿ

ಲಗಮವ್ವಕ್ಕ, ಪರಪ್ಪನ ಜೀಪಿನ ಗಾಲಿಯನ್ನು ನಿಮ್ಮ ಜೋಳದ ಕಣಿಕೆಯ ಬಣವೆಯಲ್ಲಿ ಹುದುಗಿಸಿಟ್ಟವಳು ನಾನು. ನಿನ್ನ ಗಂಡ ಭರಮಪ್ಪನಲ್ಲ. ಅದಕ್ಕೂ ಮೊದಲು ಆ ಜೀಪಿನ ಟೈರಿಗೆ ಎರಡು ಸಲ ದಬ್ಬಣ ಚುಚ್ಚಿದವಳೂ ನಾನೇ. ಇಷ್ಟನ್ನು ಹೇಳುವುದಕ್ಕೆ ನನಗೆ ಇಪ್ಪತ್ತೈದು ವರ್ಷದ ಮೇಲೆ ಹಿಡಿಯಿತು. ಹೇಳಿದ ಮೇಲೆ ನೋಡಿದರೆ ನಾಲ್ಕು ಮಾತು ಕೂಡ ಇಲ್ಲ.

ನಾಳೆ ಕಬ್ಬೂರಿಗೆ, ನೀನಿರುವ ನಿನ್ನ ಮಗಳ ಮನೆಗೆ ಬರುವವಳಿದ್ದೇನೆ. ಎದುರಿಗೆ ಕೂತಾಗ ಮಾತು ಎತ್ತ ಹೊರಳುತ್ತದೋ ಗೊತ್ತಿಲ್ಲ. ನನ್ನ ನಾಲಿಗೆ ನಿನಗೆ ಗೊತ್ತೇ ಇದೆ — ಜಗಳಕ್ಕೆ ಮುಂದು, ತಪ್ಪೊಪ್ಪುವುದಕ್ಕೆ ಹಿಂದು. ಅದಕ್ಕೇ ಮೊದಲು ಬರೆದು ನೋಡುತ್ತಿದ್ದೇನೆ. ನೀನು ಓದಿದವಳಲ್ಲ. ಓದಿದ ನಾನು ಏನು ಮಾಡಿದೆ ಎಂದು ನನಗಾದರೂ ಒಮ್ಮೆ ನೆಟ್ಟಗೆ ಕಾಣಲಿ.

ಸತ್ತಿ ಊರಿನ ನಮ್ಮ ಓಣಿ ನಿನಗೆ ಮರೆತಿರಲಿಕ್ಕಿಲ್ಲ. ನಮ್ಮ ಮನೆ, ಪರಪ್ಪನ ಮನೆ ಎದುರುಬದುರು, ನಡುವೆ ಬೇವಿನ ಗಿಡ, ಓಣಿಯ ತುದಿಗೆ ನಿಮ್ಮ ಕುರಿಹಟ್ಟಿ. ಆ ಗಿಡದ ನೆರಳಿನಲ್ಲಿ ನಮ್ಮ ಟ್ರ್ಯಾಕ್ಟರ್ ನಿಲ್ಲುತ್ತಿತ್ತು. ಜಾಗ ನಮ್ಮದಲ್ಲ, ಪಂಚಾಯ್ತಿಯದು. ಆದರೆ ನಿಲ್ಲಿಸಿ ನಿಲ್ಲಿಸಿ ಆ ರೂಢಿಯೇ ನಮಗೆ ಹೊಲದ ಉತಾರದಂತೆ, ಹಕ್ಕಿನ ಕಾಗದದಂತೆ ಆಗಿಬಿಟ್ಟಿತ್ತು. ತೊಂಬತ್ತರ ದಶಕದ ನಡುವೆ ಪರಪ್ಪ ಎಲ್ಲಿಂದಲೋ ಒಂದು ಹಳೆ ಜೀಪು ತಂದ. ಮಂದಿ ತುಂಬಿಕೊಂಡು ಅಥಣಿಗೆ ಹೊಡೆಯುವವನು ಮಧ್ಯಾಹ್ನ ಊಟಕ್ಕೆ ಬಂದರೆ ಜೀಪನ್ನು ಅದೇ ನೆರಳಿಗೆ ಹಚ್ಚುತ್ತಿದ್ದ. ಕಬ್ಬಿನ ಹಂಗಾಮು. ನಮ್ಮ ಟ್ರಾಲಿ ಓಣಿಯೊಳಗೆ ಹೊರಳಲಾರದೆ ನಿಲ್ಲಬೇಕು, ನಮ್ಮವರು ಹಾರ್ನ್ ಹೊಡೆಯಬೇಕು, ಅವನು ನಿಧಾನಕ್ಕೆ ಉಂಡು, ಕೈ ತೊಳೆದು, ತಂಬಾಕು ತಿಕ್ಕುತ್ತ ಬರಬೇಕು. ನಮ್ಮವರಿಗೆ ಸಿಟ್ಟೇ ಬರುತ್ತಿರಲಿಲ್ಲ. ಅವರ ಪಾಲಿನದೂ ನನಗೇ ಬರುತ್ತಿತ್ತು.

ಒಂದು ದಿನ ನಾನೇ ಹೊರಗೆ ಬಂದು, ಜೀಪು ತೆಗೆ ಎಂದೆ. ಅವನು ನಕ್ಕು ಕೇಳಿದ, "ಓಣಿ ನಿಮ್ಮ ಉತಾರದಾಗ ಐತೇನ್ರಿ ಅಕ್ಕಾರ?"

ಸುತ್ತ ನಿಂತವರೆಲ್ಲ ನಕ್ಕರು. ನೀನೂ ಬಾಯಿಗೆ ಸೆರಗು ಹಿಡಿದೆ — ಹಿಡಿದಿದ್ದೆಯಾ? ಅಥವಾ ಆಮೇಲೆ ನನ್ನ ಮನಸ್ಸು ನಿನ್ನನ್ನು ಅಲ್ಲಿ ನಿಲ್ಲಿಸಿತೋ ಏನೋ. ಯಾರನ್ನಾದರೂ ಹಾಳು ಮಾಡಿದ ಮೇಲೆ ಅವರದೂ ಒಂದಿಷ್ಟು ತಪ್ಪಿತ್ತು ಅಂತ ಹುಡುಕುವುದು ಮನುಷ್ಯರ ಚಾಳಿ.

ಅಲ್ಲಿಂದ ಶುರುವಾಯಿತು. ನಾನು ಹಾಕಿದ ಸಂಡಿಗೆಯ ಚಾಪೆಯ ಮೇಲೆ ಅವನು ಗಾಲಿ ಹತ್ತಿಸಿದ. ನಾನು ಜೀಪಿನ ಸೀಟಿಗೆ ಮುಸುರೆ ಸುರಿದೆ. ಅವನು ಜೀಪನ್ನು ನಮ್ಮ ಹೊಸ್ತಿಲಿಗೆ ಅಡ್ಡ ಹಚ್ಚಿದ, ಮೈ ಓರೆ ಮಾಡಿ ದಾಟಿ ನೀರು ತರಬೇಕಾಯಿತು. ಟ್ರಾಲಿಯ ಗಾಲಿಯ ಗಾಳಿ ಹೋಗಿತ್ತು, ಅವನೇ ಬಿಟ್ಟ ಎಂದುಕೊಂಡೆ. ಅವನೇ ಬಿಟ್ಟನೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಆ ಮಧ್ಯಾಹ್ನ ಗೋದಿ ಚೀಲ ಹೊಲಿಯುತ್ತ ಕೂತವಳು ದಬ್ಬಣ ಹಿಡಿದುಕೊಂಡೇ ಎದ್ದೆ. ಟೈರಿನ ಪಕ್ಕೆಗೆ ಇಟ್ಟು ಕಲ್ಲಿನಿಂದ ಒಂದು ಏಟು. ಗಾಳಿ ಹೋಗುವ ಸದ್ದು ಕೇಳಿ — ನಾಚಿಕೆಯಾಗುತ್ತದೆ ಹೇಳಲಿಕ್ಕೆ — ನನಗೆ ಖುಷಿಯಾಯಿತು. ವಾರದ ಮೇಲೆ ಮತ್ತೊಮ್ಮೆ ಮಾಡಿದೆ.

ಅದೇ ದಿನಗಳಲ್ಲಿ ಪರಪ್ಪ ಜೀಪು ಹಿಂದೆ ತೆಗೆಯುವಾಗ ನಿಮ್ಮ ಕುರಿಮರಿ ಗಾಲಿಗೆ ಸಿಕ್ಕಿತು. ಭರಮಪ್ಪ ಮರಿಯನ್ನು ಎತ್ತಿಕೊಂಡು, ಹಿಂದೆ ನೋಡಿ ತೆಗಿಯಪ್ಪ ಅಂದ. ಅಷ್ಟೇ ಅಂದಿದ್ದು. ಆದರೆ ಭರಮಪ್ಪನಿಗೂ ಜೀಪಿನ ಮೇಲೆ ಸಿಟ್ಟಿದೆ ಎಂಬುದು ಓಣಿಗೆಲ್ಲ ತಿಳಿಯಿತು. ನನಗೂ ತಿಳಿಯಿತು. ಇದನ್ನು ನೆನಪಿಟ್ಟುಕೊ, ಲಗಮವ್ವಕ್ಕ.

ಪರಪ್ಪ ಪಂಕ್ಚರ್ ಆದ ಗಾಲಿ ಬಿಚ್ಚಿ ಬೇವಿನ ಗಿಡಕ್ಕೆ ಆನಿಸಿಟ್ಟು, ಇನ್ನೊಂದು ಗಾಲಿ ಹಾಕಿಕೊಂಡು, ಮನೆಮಂದಿಯನ್ನೆಲ್ಲ ರಾಯಬಾಗಕ್ಕೆ ಲಗ್ನಕ್ಕೆ ಕರೆದೊಯ್ದ. ಬಿಸಿಲಿಗೆ ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ನಾನು ಗಾಲಿಯನ್ನು ಉರುಳಿಸಿಕೊಂಡು ಹೋಗಿ, ನಿಮ್ಮ ಬಣವೆಯ ಹಿಂಬದಿಯ ಕಣಿಕೆ ಸರಿಸಿ, ಒಳಗೆ ತುರುಕಿ, ಮುಚ್ಚಿ ಬಂದೆ. ಎರಡು ದಿನ ಪರದಾಡಲಿ, ಆಮೇಲೆ ಮರಳಿ ತಂದಿಟ್ಟರಾಯಿತು ಎಂದುಕೊಂಡಿದ್ದೆ. ನಿಮ್ಮ ಬಣವೆ ಹತ್ತಿರವಿತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ನಮ್ಮ ಬಣವೆ ಇನ್ನೂ ಹತ್ತಿರವಿತ್ತು.

ಮರುದಿನ ಎಮ್ಮೆಗೆ ಕಣಿಕೆ ಹಿರಿಯಲು ಹೋದ ನಿನ್ನ ಕೈಗೇ ಅದು ಸಿಕ್ಕಿತು. ನೀನು ಮುಚ್ಚಿಡಲಿಲ್ಲ. ಇಲ್ಲೊಂದು ಗಾಲಿ ಐತಿ ಬರ್ರೋ ಎಂದು ನೀನೇ ಕೂಗಿ ಕರೆದೆ. ಆ ನಿನ್ನ ಸಾಚಾತನವನ್ನೇ ಮಂದಿ ಭರಮಪ್ಪನ ಕೊರಳಿಗೆ ಕಟ್ಟಿದರು — ಹೆಂಡತಿಗೆ ಪಾಪ ಗೊತ್ತಿಲ್ಲ, ಗಂಡ ಅವಳಿಗೂ ಮುಚ್ಚಿ ಇಟ್ಟಿದ್ದಾನೆ ಅಂತ.

ಸಂಜೆ ಹಿರಿಯರು ಗಿಡದ ಕೆಳಗೆ ಕೂತರು. ಬೀರದೇವರ ಗುಡಿಯಿಂದ ತಟ್ಟೆಯಲ್ಲಿ ಭಂಡಾರ ತರಿಸಿದರು. ಜಗಳ ನಮ್ಮದಾದ್ದರಿಂದ ಮೊದಲು ನಮ್ಮವರನ್ನೇ ಕರೆದರು. ನಮ್ಮವರು ಆ ಅರಿಶಿನದ ಪುಡಿಯನ್ನು ಕೈಯಲ್ಲಿ ಎತ್ತಿ, ನನ್ನ ಮನೆಯವರು ಯಾರೂ ಆ ಗಾಡಿಯನ್ನು ಮುಟ್ಟಿಲ್ಲ ಎಂದು ಆಣೆ ಮಾಡಿದರು. ಅವರು ತಿಳಿದು ಸುಳ್ಳು ಹೇಳಿದವರಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ, ನಾನು ಅದನ್ನೂ ಮಾಡಲಿಲ್ಲ. ಹೆಂಗಸರನ್ನು ಯಾರೂ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಆಮೇಲೆ ಭರಮಪ್ಪನ ಸರದಿ. ದೇವರ ಭಂಡಾರದ ಚೀಲ ಅವನ ಮನೆತನದಲ್ಲೇ ಇತ್ತು. ಕೂಸು ಹುಟ್ಟಿದರೆ, ಹೊಸ ಎತ್ತು ತಂದರೆ ಹಣೆಗೆ ಹಚ್ಚಲು ಅವನೇ ಬರಬೇಕು. ನಮ್ಮ ಟ್ರ್ಯಾಕ್ಟರಿಗೂ ಅವನೇ ಹಚ್ಚಿದ್ದ. ಎತ್ತಿ ಮುಗಿಸಿಬಿಡು ಎಂದು ಎಲ್ಲರೂ ಹೇಳಿದರು. ಅವನು ಎದ್ದು ನಿಂತು, ಕೈ ಹಿಂದಕ್ಕೆ ಕಟ್ಟಿಕೊಂಡ.

"ಎತ್ತೂದಿಲ್ರಿ. ನಮ್ಮ ಮನ್ಯಾಗ ಭಂಡಾರ ಇರೂದು ಮಂದಿ ಹಣಿಗಿ ಹಚ್ಚಾಕ. ಒಂದು ಗಾಲಿ ಸಲುವಾಗಿ ಆಣಿ ಮಾಡಾಕಲ್ಲ. ನಮ್ಮಪ್ಪ ಎತ್ತಿಲ್ಲ, ನಾನೂ ಎತ್ತೂದಿಲ್ಲ."

ಆಮೇಲೆ ಯಾರೋ, ಕಳ್ಳನಲ್ಲದಿದ್ದರೆ ಎತ್ತುತ್ತಿದ್ದ ಎಂದರು. ಅಲ್ಲಿಗೆ ಮುಗಿಯಿತು. ಗಾಲಿಯೂ ಅವನದೇ ತಪ್ಪು, ದಬ್ಬಣವೂ ಅವನದೇ ತಪ್ಪು. ದೇವರಿಗೆ ಹೆದರಿದವನು ಕಳ್ಳನಾದ. ಬಾಗಿಲ ಹಿಂದೆ ನಿಂತವಳು ಒಳಗೆ ಹೋಗಿ ರೊಟ್ಟಿ ಬಡಿದಳು. ಹೌದು, ಬಡಿದೆ. ಉಂಡೆ ಕೂಡ.

ಹೊಡೆದಾಟ ಬಡಿದಾಟ ಏನೂ ಆಗಲಿಲ್ಲ, ಮಂದಿ ಅವನ ಮುಂದೆ ಹಣೆ ಒಡ್ಡುವುದನ್ನು ಬಿಟ್ಟರು, ಅಷ್ಟೇ. ಮುಂದಿನ ವರ್ಷ ಭಂಡಾರದ ಚೀಲ ಬೇರೆ ಮನೆಗೆ ಹೋಯಿತು. ಭರಮಪ್ಪ ಕುರಿ ಹೊಡೆದುಕೊಂಡು ಭೋಜ ಊರಿನ ಕಡೆಗೆ ಹೋದವನು ಸತ್ತಿಗೆ ಬರುವುದನ್ನೇ ಕಡಿಮೆ ಮಾಡಿದ. ನೀವು ಹಟ್ಟಿ ಕಿತ್ತ ದಿನ ನಾನು ನಿನಗೆ ಒಂದು ಸೇರು ಬೆಲ್ಲ ಕಟ್ಟಿ ಕೊಟ್ಟೆ. ನೀನು ನನ್ನ ಕೈ ಹಿಡಿದು ಅತ್ತೆ. ಆ ಬೆಲ್ಲವನ್ನು ಯಾಕೆ ಕೊಟ್ಟೆನೋ — ಕೊಡಬೇಕಾದದ್ದು ಬೇರೆ ಇತ್ತಲ್ಲ.

ಪರಪ್ಪ ಕೆಲ ದಿನ ಕಳೆದು ಜೀಪು ಮಾರಿದ. ಗಿಡದ ನೆರಳು ನಮಗೇ ಉಳಿಯಿತು. ಕೋಣ ಕೋಣಗಳ ಜಗಳದಲ್ಲಿ ಗಿಡಕ್ಕೆ ಮಿತ್ತು ಅನ್ನುತ್ತಾರೆ. ನಮ್ಮ ಓಣಿಯಲ್ಲಿ ಗಿಡವೂ ಉಳಿಯಿತು, ಕೋಣಗಳೂ ಉಳಿದವು, ಹೋದವರು ನೀವು. ನಮ್ಮವರಿಗೆ ಜ್ವರ ಬಂದಾಗಲೆಲ್ಲ ಆ ಸುಳ್ಳು ಆಣೆ ಈಗ ತಟ್ಟಿತು ಅಂತ ರಾತ್ರಿಯೆಲ್ಲ ಒದ್ದಾಡಿದ್ದೇನೆ. ತಟ್ಟಲಿಲ್ಲ. ಅವರ ಜ್ವರ ಇಳಿದರೆ ನನಗೆ ಸಮಾಧಾನವಾಗುತ್ತಿತ್ತು, ಮತ್ತೆ ಸುಮ್ಮನಾಗುತ್ತಿದ್ದೆ. ಹೀಗೆಯೇ ವರ್ಷಗಳು ಹೋದವು.

ಹೋದ ತಿಂಗಳು ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿ ನೀನೇ ನನ್ನ ಗುರುತು ಹಿಡಿದೆ. ನನಗಿಂತ ದೊಡ್ಡವಳು, ಆದರೂ ಮೊದಲಿನ ಹಾಗೆಯೇ ಅಕ್ಕಾರ ಅಂದೆ. ಭರಮಪ್ಪ ತೀರಿಕೊಂಡು ಮೂರು ವರ್ಷವಾಯಿತು ಎಂದೆ. ಆಮೇಲೆ ನನ್ನ ಮುಂಗೈ ಹಿಡಿದು ಕೇಳಿದ ಮಾತು —

"ಅಂವ ಛಲೋ ಮನಷ್ಯಾನ ಇದ್ದ ಅಕ್ಕಾರ. ಆದ್ರ ಆ ಗಾಲಿ ಯಾಕ ತಗೊಂಡ ಅನ್ನೂದು ನನಗರ ಹೇಳಬೇಕಿತ್ತಿಲ್ರಿ? ಸಾಯೂತನಾ ಕೇಳೀನಿ. ನನ್ನ ಮಾರಿ ನೋಡಕೋತ ಸುಮ್ಮ ಕುಂದರತಿದ್ದ."

ಊರು ಅವನನ್ನು ಕಳ್ಳ ಅಂದದ್ದು ನನಗೆ ಗೊತ್ತಿತ್ತು. ನೀನೂ ಹಾಗೆ ತಿಳಿದು ಬಾಳಿದೆ ಅಂತ ಗೊತ್ತಿರಲಿಲ್ಲ. ಅಷ್ಟು ವರ್ಷ ಒಂದೇ ಚಾಪೆಯ ಮೇಲೆ... ಅಲ್ಲೇ, ಆ ಬಸ್‌ಸ್ಟ್ಯಾಂಡಿನಲ್ಲೇ ನಾನು ಹೇಳಬಹುದಿತ್ತು. ನಿನ್ನ ಕೈ ನನ್ನ ಕೈಯಲ್ಲಿತ್ತು. ನಾನು ಹೇಳಿದ್ದು, ಹೋಗಲಿ ಬಿಡು, ಹಳೇ ಮಾತು. ಬಸ್ಸು ಬಂತು, ಹತ್ತಿದೆ. ಮೊದಲ ತಪ್ಪಿಗೆ ಸಿಟ್ಟು ಕಾರಣ ಅನ್ನಬಹುದು. ಇದಕ್ಕೆ ಏನನ್ನಲಿ?

ಮೊನ್ನೆ ನಮ್ಮವರಿಗೆ ಎಲ್ಲ ಹೇಳಿದೆ. ತಮ್ಮ ಅಂಗೈಯನ್ನೇ ನೋಡುತ್ತ ಕೂತರು. ಅಂದಿನಿಂದ ನನ್ನ ಕೂಡ ಮಾತಾಡಿಲ್ಲ. ಮಾತಾಡುತ್ತಾರೋ ಇಲ್ಲವೋ. ಕಬ್ಬೂರಿನಿಂದ ಬಂದ ಮೇಲೆ ಓಣಿಯವರ ಮುಂದೆಯೂ ಹೇಳುವುದಿದೆ, ಪರಪ್ಪನ ಮಕ್ಕಳ ಮುಂದೆಯೂ. ನಗುವವರು ನಗಲಿ, ಉಗುಳುವವರು ಉಗುಳಲಿ.

ನಿನ್ನ ಹತ್ತಿರ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು. ನೀನು ಬೈದರೆ ಕೇಳುತ್ತೇನೆ, ಬಾಗಿಲು ಹಾಕಿಕೊಂಡರೆ ಹೊರಗಿನಿಂದಲೇ ಹೇಳಿ ಬರುತ್ತೇನೆ. ಭರಮಪ್ಪ ನಿನ್ನಿಂದ ಏನನ್ನೂ ಮುಚ್ಚಿಡಲಿಲ್ಲ, ಲಗಮವ್ವಕ್ಕ. ನಿನಗೆ ಹೇಳುವುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲ.