ಅಕ್ಕನ ಮಾತ್ರೆ

ಅವಳು ಮುದ್ರಣಾಲಯದಲ್ಲಿ ನೋಟ್‌ಬುಕ್ ಹೊಲಿಯುವವಳು. ಸೂಜಿ ಹಿಡಿದರೆ ಅವಳ ಕೈಯನ್ನು ಮೀರಿಸುವವರಿರಲಿಲ್ಲ. ಆದರೆ ತಿಂಗಳಲ್ಲಿ ಎರಡು ದಿನ ಮಾತ್ರ ಬಾಯಿಗೆ ಸೆರಗು ತುರುಕಿಕೊಂಡು, ಕಾಗದದ ಕಟ್ಟಿಗೆ ಹೊಟ್ಟೆಯೊತ್ತಿ ಕೂತಿರುತ್ತಿದ್ದಳು.

ಮದುವೆಯಾಗಿ ಮೂರು ವರ್ಷವಾದರೂ ಮಗುವಾಗದಿದ್ದಾಗ, ಅಕ್ಕ ತನಗೆ ಗೊತ್ತಿದ್ದ ಡಾಕ್ಟರ ಬಳಿ ಕರೆದೊಯ್ದಳು. ಅಕ್ಕನಿಗೆ ಮೂರು ಮೂರು ತಿಂಗಳು ಮುಟ್ಟೇ ಆಗುತ್ತಿರಲಿಲ್ಲ, ಗಲ್ಲದ ಮೇಲೆ ಕೂದಲು ಬೇರೆ. ಆ ಡಾಕ್ಟರ ಮಾತ್ರೆಯಿಂದಲೇ ಅಕ್ಕನಿಗೆ ಎರಡು ಮಕ್ಕಳಾಗಿದ್ದವು. ಡಾಕ್ಟರು ಸ್ಕ್ಯಾನಿನ ಮೇಲೆ ಕಣ್ಣಾಡಿಸಿ, "ನಿಮಗೂ ಅಕ್ಕನದೇ. ಅಂಡಾಶಯದಲ್ಲಿ ಗುಳ್ಳೆ. ತೂಕ ಇಳಿಸಿ" ಎಂದರು.

ಮೊದಲೇ ಕಡ್ಡಿಯಂತಿದ್ದವಳು ಇನ್ನಷ್ಟು ಸೊರಗಿದಳು. ಅದೇ ಮಾತ್ರೆ, ಅದೇ ಪಥ್ಯ, ಒಂಬತ್ತು ವರ್ಷ. ಹೊಟ್ಟೆ ತುಂಬ ಉಂಡ ದಿನವೆಲ್ಲ ತಪ್ಪು ಮಾಡಿದಂತೆ ಮುದುಡಿಕೊಳ್ಳುತ್ತಿದ್ದಳು.

ಒಂದು ದಿನ ಕೆಲಸದ ನಡುವೆ ಕಣ್ಣು ಕತ್ತಲೆಗಟ್ಟಿ ಬಿದ್ದಳು. ಬಸ್ ಓಡಿಸುವ ಗಂಡ ಬಿದ್ದಂಬೀಳ ಬಂದು ದೊಡ್ಡಾಸ್ಪತ್ರೆಗೆ ಸೇರಿಸಿದ. ಅಲ್ಲಿನ ಲೇಡಿ ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆಳೆದು ಕೂತರು.

"ಮುಟ್ಟು ತಪ್ಪುತ್ತಾ?"

"ಇಲ್ಲ, ಇಪ್ಪತ್ತೆಂಟನೇ ದಿನ ಅಂದ್ರೆ ಇಪ್ಪತ್ತೆಂಟೇ."

"ನೋವು?"

"ಜೀವ ಹೋಗುತ್ತೆ."

"ಗಂಡನ ಜೊತೆ ಇರೋವಾಗ?"

ಅವಳು ನೆಲ ನೋಡುತ್ತ ಹೌದೆಂದು ತಲೆಯಾಡಿಸಿದಳು.

"ಇಷ್ಟು ವರ್ಷ ಯಾರಿಗೂ ಹೇಳಲಿಲ್ವಾ?"

"ಯಾರೂ ಕೇಳಲಿಲ್ಲ ಮೇಡಂ."

ಡಾಕ್ಟರು ಅಕ್ಕನ ವಿಷಯವನ್ನೂ ಕೇಳಿ ತಿಳಿದುಕೊಂಡು, ಹೊಸದಾಗಿ ಸ್ಕ್ಯಾನ್ ಮಾಡಿಸಿ ನೋಡಿದರು. ಆಮೇಲೆ ಬಿಡಿಸಿ ಹೇಳಿದರು: "ನಿಮ್ಮಕ್ಕಂಗೆ ಮೊಟ್ಟೆ ಹೊತ್ತಿಗೆ ಸರಿಯಾಗಿ ಬಿಡುಗಡೆ ಆಗ್ತಿರಲಿಲ್ಲ, ಅದಕ್ಕೇ ಮುಟ್ಟು ತಪ್ತಿತ್ತು. ನಿಮ್ಮದು ಬೇರೆ ಕಾಯಿಲೆ. ಗರ್ಭಕೋಶದ ಒಳಗೆ ಇರಬೇಕಾದ ಪದರದಂಥದ್ದೇ ಹೊರಗೂ ಬೆಳೆದಿದೆ. ಈ ಗುಳ್ಳೇಲಿರೋದು ಹಳೇ ರಕ್ತ. ಎರಡಕ್ಕೂ ಒಂದೇ ಮದ್ದಲ್ಲ."

ಹೊಟ್ಟೆಗೆ ಸಣ್ಣ ತೂತು ಮಾಡಿ ಆಪರೇಷನ್‌ನಲ್ಲಿ ಗುಳ್ಳೆ, ಪದರ ಎಲ್ಲ ತೆಗೆದರು, ಆದರೆ ಮೊಟ್ಟೆ ಸಾಗುವ ಎರಡೂ ನಾಳಗಳು ಅಂಟಿಹೋಗಿದ್ದವು. ಆಮೇಲೆ ಪ್ರಯೋಗಾಲಯದಲ್ಲಿ ಭ್ರೂಣ ಮಾಡಿಸಿ, ಗರ್ಭಕೋಶದಲ್ಲಿ ಇಡಿಸಿ ಎರಡು ಬಾರಿ ನೋಡಿದರು. ಎರಡೂ ಬಾರಿ ನಿಲ್ಲಲಿಲ್ಲ. ಎರಡನೆಯ ಸಲ ಆಸ್ಪತ್ರೆಯಿಂದ ಫೋನ್ ಬಂದಾಗ ಗಂಡ ಬಸ್ ನಿಲ್ದಾಣದ ಕಂಬಕ್ಕೆ ಹಣೆಯಾನಿಸಿ ನಿಂತುಬಿಟ್ಟ. ಮನೆಗೆ ಬಂದು, "ಸಾಕು ಬಿಡು, ನೀನು ಇದ್ದೀಯಲ್ಲ" ಎಂದನೇ ಹೊರತು ಅವಳ ಮುಖ ನೋಡಲಿಲ್ಲ.

ಅಕ್ಕ ಬಂದು ಕೈ ಹಿಡಿದು, "ನಾನೇ ನಿನ್ನ ಹಾಳು ಮಾಡಿದೆ ಕಣೇ" ಎಂದು ಬಿಕ್ಕಿದಳು. ತಂಗಿ ಅಲ್ಲ ಎನ್ನಬೇಕೆಂದುಕೊಂಡಳು. ಅದನ್ನು ಹೇಳಲು ಅವಳಿಗೆ ಇನ್ನೂ ನಾಲ್ಕು ತಿಂಗಳು ಬೇಕಾಯಿತು.

ಮತ್ತೆ ಕೆಲಸಕ್ಕೆ ಹೋಗತೊಡಗಿದಳು. ಆಪರೇಷನ್ ಆದಮೇಲೆ ಇಂಜೆಕ್ಷನ್, ಮಾತ್ರೆಗಳಿಲ್ಲದೆ ತಾನಾಗಿಯೇ ಬರುವ ಮೊದಲ ಮುಟ್ಟು ಬಂತು. ಮೈ ಬಿಗಿಹಿಡಿದು ಕಾದಳು. ಮಧ್ಯಾಹ್ನವಾಯಿತು, ಏನೂ ಆಗಲಿಲ್ಲ. ಅವಳ ಕಣ್ಣಿಂದ ನೀರು ಧಾರಾಕಾರ ಇಳಿಯುವುದನ್ನು ಕಂಡು ಪಕ್ಕದ ಹೆಂಗಸು ಗಾಬರಿಯಾದಳು.

"ತುಂಬಾ ನೋವಾ?"

"ಇಲ್ಲ ಕಣೇ," ಎಂದಳು, "ಒಂಚೂರೂ ನೋವಿಲ್ಲ."