ಚಂದ್ರಾಮನ ಹೆಗಲು

ಮುಂಬೈ ಪಕ್ಕದ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ವಿಜಯಪುರ ಕಡೆಯ ಚಂದ್ರಾಮ ಇಪ್ಪತ್ತೊಂಬತ್ತು ವರ್ಷ ಹಮಾಲಿ ಮಾಡಿದ್ದ. ಅಷ್ಟೂ ವರ್ಷ ಅವನನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ನೋಡಿದವನು ಉಡುಪಿ ಹೋಟೆಲಿನವರ ಮಗ ಸಂದೇಶ. ಅಪ್ಪನ ಹೋಟೆಲಿನ ಪಕ್ಕದಲ್ಲೇ ಹೊಸದಾಗಿ ಜಿಮ್ ತೆರೆದಿದ್ದ ಅವನಿಗೆ, ಬನಿಯನ್ನಿನಲ್ಲಿ ನಿಂತು ಚಹಾ ಕುಡಿಯುತ್ತಿದ್ದ ಚಂದ್ರಾಮನ ತೋಳು ಕಣ್ಣಿಗೆ ಬಿತ್ತು.

“ಸಂಜೆ ಸುಮ್ಮನೆ ಬಂದು ಕೂತ್ಕೊಳ್ಳಿ ಮಾರಾಯ್ರೆ. ಹುಡುಗರು ನಿಮ್ಮನ್ನು ನೋಡಿದ್ರೆ ಸಾಕು. ತಿಂಡಿ, ಚಹಾ ನಮ್ಮದು.”

ಚಂದ್ರಾಮ ಹೋಗಿ ಕೂತ. ಸಂದೇಶ ಅವನ ಕೈಗೆ ಪ್ರೋಟೀನ್ ಪೌಡರಿನ ಡಬ್ಬಿ ಕೊಟ್ಟು ಫೋಟೊ ತೆಗೆಸಿ, ಅದನ್ನು ಆಳೆತ್ತರ ಮಾಡಿಸಿ ಒಳಗೂ ಹೊರಗೂ ಕಾಣುವಂತೆ ಗಾಜಿನ ಬಾಗಿಲಿಗೆ ಅಂಟಿಸಿದ. ಆ ಪೌಡರನ್ನು ಚಂದ್ರಾಮ ನಾಲಿಗೆಗೂ ತಾಗಿಸಿದವನಲ್ಲ. ಇದು ಸುಳ್ಳೆಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದ. ತಪ್ಪೇ, ಇಲ್ಲವೆನ್ನುವುದಿಲ್ಲ. ಆದರೆ ಹೆಂಡತಿ ಶರಣಬಸಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವನ ಬಾಡಿಗೆ ಖೋಲಿಯಲ್ಲಿ ಫ್ಯಾನು ಬಿಟ್ಟರೆ ಸದ್ದು ಮಾಡುವವರಿರಲಿಲ್ಲ. ಹಗಲೆಲ್ಲ “ಏ ಹಮಾಲ್” ಅನ್ನಿಸಿಕೊಂಡವನನ್ನು ಸಂಜೆ ಹತ್ತು ಹುಡುಗರು ಸುತ್ತುವರಿದು “ಕಾಕಾ” ಅಂದರೆ, ಯಾವ ಮನುಷ್ಯ ಎದ್ದು ಹೋಗುತ್ತಾನೆ?

ಅವರಲ್ಲಿ ಆಕಾಶ ಅವನ ಪಕ್ಕವೇ ಬಿಡುತ್ತಿರಲಿಲ್ಲ. ಹದಿನೈದರ ಕಡ್ಡಿ ಪೈಲ್ವಾನ. ಅಪ್ಪ ಅಮ್ಮ ರಾಯಚೂರಿನವರು, ಇವನು ಇಲ್ಲೇ ಹುಟ್ಟಿದವನು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. “ಕಾಕಾ, ಆಪ್ ಜೈಸಾ ಬನ್ನಾ ಹೈ”, ನಿಮ್ಮ ಹಾಗೇ ಆಗಬೇಕು, ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ.

ಒಂದು ಸಂಜೆ ಅವನು ರಾಡಿಗೆ ತನ್ನ ಅಳತೆ ಮೀರಿದ ತೂಕ ಹಾಕಿಕೊಂಡು, ಚಂದ್ರಾಮನ ಮುಖವನ್ನೇ ನೋಡುತ್ತ ಎತ್ತಲು ಹೋದ. ಬೆನ್ನು ಬಾಗಿತು. ರಾಡು ದಡ್ಡನೆ ಬಿತ್ತು, ಹುಡುಗ ಸೊಂಟ ಹಿಡಿದು ಕೂತ. ಚಂದ್ರಾಮ ಓಡಿ ಬಂದರೆ, ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕು, “ದರ್ದ್ ತೋ ಆಪ್‌ಕೋ ಭೀ ಹುವಾ ಹೋಗಾ ನಾ?” ಎಂದ. ನೋವು ನಿಮಗೂ ಆಗಿರಬೇಕಲ್ಲವೇ ಎಂಬ ಆ ಮಾತು ಚಂದ್ರಾಮನ ಎದೆಗೆ ನಾಟಿತು.

ಅವನು ಅಂಗಿ ಬಿಚ್ಚಿದ. ತೋಳು ತೋರಿಸುತ್ತಾನೆಂದು ಹುಡುಗರು ಮೊಬೈಲ್ ತೆಗೆದರು. ಚಂದ್ರಾಮ ಬೆನ್ನು ತಿರುಗಿಸಿ ನಿಂತ. ಬಲಹೆಗಲು ಜೋತಿತ್ತು, ಅದರ ಮೇಲೆ ಒಣಗಿದ ಗಂಟು. ಕೈಯನ್ನು ಮೇಲೆತ್ತಲು ನೋಡಿದ. ಅದು ಹೆಗಲಿನವರೆಗೆ ಬಂದು ನಿಂತುಬಿಟ್ಟಿತು.

“ಇದು ಕಸರತ್ತಿನ ಮೈ ಅಲ್ರಪಾ, ದುಡದು ಕೆಟ್ಟ ಮೈ. ಆ ಪೌಡರ್ ನಾ ಒಂದ ಚಮಚಾನೂ ತಿಂದಿಲ್ಲ. ಹದಿಮೂರನೇ ವರ್ಷಕ್ಕ ಹೆಗಲಿಗೆ ಕಬ್ಬಿಣ ಬಂತು. ನೋವಾದ್ರೂ ನಿಂದರೂ ಹಂಗಿರಲಿಲ್ಲ, ಹೊಟ್ಟಿ ಕೇಳತಿರಲಿಲ್ಲ. ನಿಮಗೇನ ಅವಸರ? ಬೆಳಿಯೂ ಎಲುಬು ಅದಾವ. ಮೊದಲ ಖಾಲಿ ರಾಡ್ ನೆಟ್ಟಗ ಎತ್ತೂದು ಕಲೀರಿ. ನೋವಾತಂದ್ರ ಇಟ್ಟಬಿಡ್ರಿ. ಒಂದಿನ ಎತ್ತಿದ್ರ ಮರುದಿನ ಮೈಗೆ ಬಿಡುವು ಕೊಡ್ರಿ. ರೊಟ್ಟಿ, ಬ್ಯಾಳಿ, ತತ್ತಿ ಹೊಟ್ಟಿತುಂಬ ಉಣ್ರಿ, ಹೊತ್ತಿಗೆ ಮಲಕೋರಿ.” ಬಿಚ್ಚಿದ ಅಂಗಿ ಎತ್ತಿಕೊಳ್ಳುತ್ತ ಮತ್ತೆ ಹೇಳಿದ: “ಬೆನ್ನಿಗೆ ಮುಲಾಮ ಹಚ್ಚಾಕ ನನ್ನ ಕೈ ಹಿಂದ ಹೋಗೂದಿಲ್ಲ. ಗ್ವಾಡಿ ಮೊಳಿಗೆ ಅರಿವಿ ಕಟ್ಟಿ, ಅದಕ್ಕ ಮುಲಾಮ ಸವರಿ ಬೆನ್ನ ತಿಕ್ಕತೀನಿ. ಹಚ್ಚವರು ಯಾರದಾರ?”

ಹುಡುಗರು ಮೊಬೈಲ್ ಜೇಬಿಗೆ ಹಾಕಿಕೊಂಡರು. ಯಾರೂ “ಕಾಕಾ” ಅನ್ನಲಿಲ್ಲ. ಸಂದೇಶ ಬಾಗಿಲತನಕ ಬಂದು, ದನಿ ತಗ್ಗಿಸಿ, “ನಿಮ್ಮ ಮಾತು ಸರಿಯೇ. ಆದ್ರೆ ನಮ್ಮ ವ್ಯಾಪಾರ ಎಂತಾಗ್ಬೇಕು? ಇನ್ನು ನೀವು ಬರುವುದು ಬೇಡ” ಎಂದ. ಸಂಜೆಗಳು ಮತ್ತೆ ಖೋಲಿಯೊಳಗೆ ಸೇರಿಕೊಂಡವು.

ಎರಡು ತಿಂಗಳ ಮೇಲೆ ಚಂದ್ರಾಮ ಕೆಲಸ ಮುಗಿಸಿ ಅದೇ ದಾರಿಯಲ್ಲಿ ಬರುತ್ತಿದ್ದ. ಬಾಗಿಲಲ್ಲಿ ಅವನ ಫೋಟೊ ಹಾಗೇ ಇತ್ತು. ಅದರ ಪಕ್ಕದ ಸಂದಿನಲ್ಲಿ ಇಣುಕಿದರೆ ಆಕಾಶ ಕಂಡ. ಬೆನ್ನು ನೆಟ್ಟಗಿಟ್ಟು ಖಾಲಿ ರಾಡನ್ನು ನಿಧಾನವಾಗಿ ಎತ್ತಿ ಇಳಿಸುತ್ತಿದ್ದ. ಪಕ್ಕದವರು ನಗುತ್ತಿದ್ದರು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಚಂದ್ರಾಮನ ಹೊಟ್ಟೆ ತಣ್ಣಗಾಯಿತು.

ರಾಡು ಕೆಳಗಿಟ್ಟು ಆಕಾಶ ಬಾಗಿಲ ಕಡೆ ತಿರುಗಿದ. ಚಂದ್ರಾಮ ಆಸೆಯಿಂದ ಕೈ ಎತ್ತಿದ. ಕೈ ಹೆಗಲ ಮಟ್ಟಕ್ಕೆ ಬಂದು ಫೋಟೊದ ಮರೆಯಲ್ಲೇ ನಿಂತಿತು, ಅದರ ಅಂಚು ದಾಟಿ ಮೇಲೆ ಏಳಲಿಲ್ಲ. ಒಳಗಿನ ಹುಡುಗ ಹೊರಗಿದ್ದವನನ್ನು ಕಾಣದೆ, ಗಾಜಿನ ಮೇಲಿನ ಫೋಟೊದ ಚಂದ್ರಾಮನನ್ನೇ ಒಂದು ಗಳಿಗೆ ನೋಡಿ, ಮತ್ತೆ ರಾಡಿನತ್ತ ಬಗ್ಗಿದ.

ಚಂದ್ರಾಮ ಕೈ ಇಳಿಸಿ, ಮುಲಾಮು ತರಲು ಮೆಡಿಕಲ್ ಅಂಗಡಿಯ ಕಡೆ ನಡೆದ.